ಫಿಕ್ರಿಯ ಹೆಸರಿನಲ್ಲಿ ಬಂದ ಸರಕು

ಮನ್ಸೂರಾ
9 ಅಕ್ಟೋಬರ್ 1978

ಪ್ರೀತಿಯ ಮಗಳು ಇನ್ಸಾಫಳಿಗೆ,

ನಿನಗೂ ನಿನ್ನ ಗಂಡ ಸಬ್ರಿಗೂ ಮಕ್ಕಳಿಗೂ ಸಲಾಮು. ಇಲ್ಲಿ ನಾವಿಬ್ಬರೂ ಆರಾಮ. ನಿನ್ನ ಅಮ್ಮನ ಮಂಡಿನೋವು ಹಾಗೇ ಇದೆ, ನನ್ನ ಬಾಯಿಯೂ ಹಾಗೇ ಇದೆ.

ಈ ಪತ್ರಕ್ಕೆ ಕಾರಣ ಪಕ್ಕದ ಮನೆಯ ದಲಾಲ್. ಗುರುವಾರ ಬೆಳಿಗ್ಗೆ ನಿಮ್ಮ ಪೋರ್ಟ್ ಸೈದಿಗೆ ಹೋದವಳು ಸಂಜೆ ವಾಪಸು ಬಂದಾಗ ನಮ್ಮ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ. ಪಾಪ, ಹೆಂಗಸಿಗೆ ಮೈಯೆಲ್ಲ ಬಾವು ಬಂದಿದೆ ಅಂದುಕೊಂಡೆ. ಅವಳು ನನ್ನನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡಳು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಒಳಗೆ ಅವಳು ಬಿಚ್ಚುತ್ತಾ ಹೋದದ್ದು, ನಿನ್ನ ಅಮ್ಮ ಎಣಿಸುತ್ತಾ ಹೋದದ್ದು ಕೇಳುತ್ತಿತ್ತು. ಗೌನು ಐದು, ಸ್ವೆಟರು ಎರಡು, ಸೊಂಟಕ್ಕೆ ಸುತ್ತಿದ ಪರದೆ ಬಟ್ಟೆ ಆರು ಗಜ. "ಫಿಕ್ರಿ ಅಮ್ಮಾ, ಇನ್ನೂ ಒಂದಿದೆ ತಡೀರಿ" ಅಂತ ನಿನ್ನ ಅಮ್ಮನಿಗೆ ಹೇಳುತ್ತಿದ್ದಳು.

ನಿನಗೇ ಗೊತ್ತು, ನಾನು ಮೂವತ್ತು ವರ್ಷ ಬಂಬೂತಿಯಾಗಿದ್ದವನು. ಹಡಗುಗಳ ಪಕ್ಕಕ್ಕೆ ದೋಣಿ ಹಚ್ಚಿ, ಹಗ್ಗದಲ್ಲಿ ಚರ್ಮದ ಒಂಟೆಗೊಂಬೆ ಮೇಲೆ ಕಳಿಸಿ, ಅದೇ ಬುಟ್ಟಿಯಲ್ಲಿ ಸಾಬೂನು, ಸಿಗರೇಟು ಇಳಿಸಿಕೊಂಡು ನಿಮ್ಮನ್ನೆಲ್ಲ ಸಾಕಿದವನು. ಆಗ ದಡಕ್ಕೆ ಬಂದ ಕೂಡಲೇ ಸುಂಕದವನು ಒಂದು ಸಾಬೂನಿನಲ್ಲಿ ಅರ್ಧ ಕುಯ್ದುಕೊಳ್ಳುತ್ತಿದ್ದ. ಈಗ ಅದೇ ಸರ್ಕಾರ ತಾನಾಗಿ ಸುಂಕ ಬೇಡ ಅನ್ನುತ್ತಿದೆಯಂತೆ. ಊರಿಗೆ ಊರನ್ನೇ ತೆರಿಗೆಯಿಲ್ಲದ ಊರು ಮಾಡಿದೆಯಂತೆ. ಇದರಲ್ಲಿ ಅದಕ್ಕೇನು ಸಿಗುತ್ತದೆ? ಕಾಫಿ ಅಂಗಡಿಯಲ್ಲಿ ನಾಲ್ಕು ಜನರನ್ನು ಕೇಳಿದೆ, ನಾಲ್ಕು ಥರ ಹೇಳಿದರು. ನೀನು ಅಲ್ಲೇ ಅಂಗಡಿ ಇಟ್ಟವಳು. ನನ್ನ ತಲೆಗೆ ಹೋಗುವ ಹಾಗೆ ಬರೆ.

ನಾವು ಯಾವಾಗ ಅಲ್ಲಿಗೆ ಬರುತ್ತೇವೆ ಅಂತ ಕೇಳಬೇಡ. ಮಂಡಿ ಅಂದೆನಲ್ಲ.

ನಿನ್ನ ತಂದೆ,
ಬದವಿ


ಪೋರ್ಟ್ ಸೈದ್
22 ಅಕ್ಟೋಬರ್ 1978

ಪ್ರೀತಿಯ ಅಪ್ಪನಿಗೆ,

ನಿಮ್ಮ ಪತ್ರವನ್ನು ಅಂಗಡಿಯಲ್ಲೇ ಗಟ್ಟಿಯಾಗಿ ಓದಿದೆ, ಗಿರಾಕಿಗಳೂ ನಕ್ಕರು. ದಲಾಲ್ ಚಿಕ್ಕಮ್ಮ ಐದು ಗೌನು ಹಾಕಿದ್ದು ದೊಡ್ಡದೇನಲ್ಲ. ಊರಿನ ಹೊರಗೆ ರಸ್ವಾದಲ್ಲಿ ಸುಂಕದ ಗೇಟು ಇದೆ. ಊರೊಳಗೆ ಏನು ಬೇಕಾದರೂ ಕೊಳ್ಳಿ, ಆ ಗೇಟು ದಾಟಿಸುವುದಾದರೆ ತಲೆಗೆ ಇಷ್ಟು ಅಂತ ಮಿತಿ ಇದೆ, ಮೇಲಿನದಕ್ಕೆ ಸುಂಕ ಕಟ್ಟಬೇಕು. ಹೋದ ಆಗಸ್ಟಿನಲ್ಲಿ ಒಬ್ಬ ಹನ್ನೊಂದು ಅಂಗಿ ಹಾಕಿಕೊಂಡು ಸಾಲಿನಲ್ಲಿ ನಿಂತು ಸೆಕೆಗೆ ಮೂರ್ಛೆ ಹೋದ. ಗಾಳಿಯಾಡಲಿ ಅಂತ ಸುಂಕದವರು ಗುಂಡಿ ಬಿಚ್ಚಿದರು. ಬಿಚ್ಚಿದಷ್ಟೂ ಅಂಗಿ ಬಂತು, ಮೈ ಸಿಗಲಿಲ್ಲ. ಕೊನೆಗೆ ಅವರೇ ನಗು ತಡೆಯಲಾರದೆ ನೀರು ಕುಡಿಸಿ ಬಿಟ್ಟರಂತೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅರವತ್ತೇಳರ ಯುದ್ಧವಾದ ಮೇಲೆ ಸರ್ಕಾರ ನಮ್ಮನ್ನೆಲ್ಲ ಊರು ಬಿಡಿಸಿತಲ್ಲ, ಎಪ್ಪತ್ತೈದರಲ್ಲಿ ನಾವು ಮರಳಿದಾಗ ಅರ್ಧ ಮನೆಗಳಿಗೆ ಸೂರಿರಲಿಲ್ಲ. ಅಂಥ ಊರಿಗೆ ಯಾರು ಬಂದು ಅಂಗಡಿ ಹಾಕುತ್ತಾರೆ? ಅದಕ್ಕೇ ಸುಂಕ ಬಿಟ್ಟರು. ಸುಂಕವಿಲ್ಲ ಅಂದ ಕೂಡಲೇ ಹಡಗಿನವರು ಬಂದರು, ಅವರ ಹಿಂದೆ ವ್ಯಾಪಾರಿಗಳು, ಅವರ ಹಿಂದೆ ಸೋವಿ ಬಟ್ಟೆಗೆ ಇಡೀ ದೇಶ. ಬಂದವರು ಊಟ ಮಾಡಬೇಕು, ಉಳಿಯಬೇಕು, ಟ್ಯಾಕ್ಸಿ ಹಿಡಿಯಬೇಕು. ಬಿದ್ದ ಗೋಡೆಗೂ ಬಾಡಿಗೆ ಬಂತು. ಸಬ್ರಿ ಹೇಳುವುದು, "ಸರ್ಕಾರ ಒಂದ್ ಕೈಲಿ ಬಿಟ್ಟಿದ್ದನ್ನ ಹತ್ತು ಕೈಲಿ ಬಾಚ್ಕೋತಾ ಇದೆ, ಬಿಡೇ." ಊರ ದಕ್ಷಿಣಕ್ಕೆ ಬೇರೆ ಬೇಲಿ ಹಾಕಿದ್ದಾರೆ. ಅಲ್ಲಿ ಕಾರ್ಖಾನೆ ಇಟ್ಟು ಹೊರದೇಶಕ್ಕೆ ಮಾರುವವರಿಗೆ ಕೆಲವು ವರ್ಷ ತೆರಿಗೆಯೇ ಇಲ್ಲ.

ನಿಮಗೆ ತಮಾಷೆ ಅನ್ನಿಸುವ ಸಂಗತಿ ಇನ್ನೊಂದಿದೆ. ಹೊರಗಿನಿಂದ ಸರಕು ತರಿಸಲು ಆಮದು ಕಾರ್ಡು ಬೇಕು. ಅದು ಈ ಊರಿನ ಮೂಲದವರಿಗೆ ಮಾತ್ರ ಸಿಗುತ್ತದೆ, ಮರಳಿ ಬಂದ ಪ್ರತಿಯೊಬ್ಬರಿಗೂ ಒಂದೊಂದು. ಹಾಲು ಮಾರುವವಳಿಗೂ ಇದೆ, ಶಾಲೆಯ ಜವಾನನಿಗೂ ಇದೆ. ಅವರಿಗೆ ಹಾಂಗ್‌ಕಾಂಗ್ ಎಲ್ಲಿದೆ ಅಂತಲೂ ಗೊತ್ತಿಲ್ಲ. ಅದಕ್ಕೆ ಹಾಜಿ ಮಗಾವರಿಯಂಥ ದೊಡ್ಡ ವ್ಯಾಪಾರಿಗಳು ಕಾರ್ಡುಗಳನ್ನು ವರ್ಷಕ್ಕಿಷ್ಟು ಅಂತ ಬಾಡಿಗೆಗೆ ಪಡೆದು ರಾಶಿ ರಾಶಿ ತರಿಸುತ್ತಾರೆ. ಅರ್ಧ ಊರು ಹೆಸರು ಬಾಡಿಗೆಗೆ ಕೊಟ್ಟು ಕಾಲು ಚಾಚಿ ಕೂತಿದೆ. ನಮ್ಮ ಮನೆಯ ಮೂರು ಕಾರ್ಡಿನಲ್ಲಿ ಎರಡನ್ನು ಹಾಜಿಗೆ ಕೊಟ್ಟು ಅಂಗಡಿಯ ಬಾಡಿಗೆ ಕಟ್ಟುತ್ತೇವೆ. ಮೂರನೆಯದರಲ್ಲಿ ನಮ್ಮದೇ ಸರಕು ತರಿಸಿ ಮಾರುತ್ತೇವೆ. ನೀವೂ ಅಮ್ಮನೂ ಬಂದು ಇಲ್ಲಿ ನೆಲೆಸಿದರೆ ನಿಮಗೂ ಸಿಗುತ್ತದೆ.

ಅಮ್ಮನ ಮಂಡಿಗೆ ಮುಲಾಮು ಕಳಿಸುತ್ತಿದ್ದೇನೆ.

ನಿಮ್ಮ ಮಗಳು,
ಇನ್ಸಾಫ್


ಮನ್ಸೂರಾ
5 ನವೆಂಬರ್ 1978

ಪ್ರೀತಿಯ ಇನ್ಸಾಫಳಿಗೆ,

ನಿನ್ನ ಪತ್ರ ಓದಿ ಎರಡು ದಿನ ಖುಷಿಯಾಗಿದ್ದೆ. ಹಾಗಾದರೆ ಸುಂಕ ಬಿಟ್ಟದ್ದು ಗಾಳಕ್ಕೆ ಸಿಕ್ಕಿಸಿದ ಸೀಗಡಿ, ಮೀನು ನೀವು. ಬಾಯಿ ಹಾಕಿದ್ದೀರಿ, ಹೊಟ್ಟೆಯೂ ತುಂಬಿದೆ. ದಾರ ಯಾವಾಗ ಎಳೆಯುತ್ತಾರೆ ಅನ್ನುವುದೊಂದೇ ಗೊತ್ತಾಗಬೇಕು. ಬೇಲಿಯೊಳಗಿನ ಕಾರ್ಖಾನೆಗಳ ವಿಷಯ ಕಾಫಿ ಅಂಗಡಿಯಲ್ಲಿ ಹೇಳಿದೆ. ನಿವೃತ್ತ ಮೇಷ್ಟ್ರು ಶುಕ್ರಿ ಒಂದು ಪ್ರಶ್ನೆ ಹಾಕಿದರು. ತೆರಿಗೆಯಿಲ್ಲದ ವರ್ಷಗಳು ಮುಗಿದ ಮಾರನೆಯ ದಿನ ಅವರು ಏನು ಮಾಡುತ್ತಾರೆ? ಯಂತ್ರ ಬಿಚ್ಚಿಕೊಂಡು ಇನ್ನೊಂದು ಬಂದರಿಗೆ ಹೋಗುತ್ತಾರೋ, ಬಾಗಿಲಿನ ಬೋರ್ಡು ಬದಲಿಸಿ ಹೊಸಬರಾಗುತ್ತಾರೋ? ಸಬ್ರಿಯನ್ನು ಕೇಳಿ ಬರೆ.

ಇನ್ನೊಂದು ಸಣ್ಣ ವಿಷಯ. ಮೂರು ಕಾರ್ಡು ಅಂದೆ. ನಿನ್ನದೊಂದು, ಸಬ್ರಿಯದೊಂದು. ನಿನ್ನ ಅತ್ತೆ ತೀರಿಕೊಂಡು ಮೂರು ವರ್ಷವಾಯಿತು, ಮಕ್ಕಳು ಇನ್ನೂ ಮೂಗು ಒರೆಸಿಕೊಳ್ಳಲು ಕಲಿತಿಲ್ಲ. ಮೂರನೆಯದು ಯಾರದು?

ನಿನ್ನ ತಂದೆ,
ಬದವಿ


ಪೋರ್ಟ್ ಸೈದ್
11 ಡಿಸೆಂಬರ್ 1978

ಅಪ್ಪನಿಗೆ,

ಐದು ವಾರ ನಿಮಗೆ ಉತ್ತರ ಬರೆಯಲಿಲ್ಲ. ಮಕ್ಕಳಿಗೆ ಜ್ವರ ಅಂತ ಬರೆಯಬಹುದಿತ್ತು. ಜ್ವರ ಇತ್ತು ಕೂಡ, ಎರಡು ದಿನ.

ಮೂರನೆಯ ಕಾರ್ಡು ನಮ್ಮ ಫಿಕ್ರಿಯದು.

ಹೇಗಾಯಿತು ಅಂತ ಹೇಳುತ್ತೇನೆ, ಕೇಳಿದ ಮೇಲೆ ಬೈಯಿರಿ. ನಾವು ಮರಳಿ ಬಂದ ವಾರ ಶಾಲೆಯೊಂದರಲ್ಲಿ ಮೇಜು ಹಾಕಿ ಹೆಸರು ಬರೆದುಕೊಳ್ಳುತ್ತಿದ್ದರು. ಹಳೆಯ ಪಟ್ಟಿಯಲ್ಲಿ ನಮ್ಮ ಮನೆಯ ಎಲ್ಲರ ಹೆಸರೂ ಇತ್ತು. ಗುಮಾಸ್ತ ಒಂದೊಂದೇ ಓದಿದ. ಬದವಿ? ಮನ್ಸೂರಾದಲ್ಲಿದ್ದಾರೆ ಅಂದೆ. ಸಕೀನಾ? ಅಲ್ಲೇ ಅಂದೆ. "ಫಿಕ್ರಿ? ಇದ್ದಾನಾ, ತೀರ್ಕೊಂಡ್ನಾ?" ಅಂದ. ಹಿಂದೆ ನೂರು ಜನ ನಿಂತಿದ್ದರು. ಮರಣಪತ್ರ ನಮ್ಮ ಹತ್ತಿರ ಇಲ್ಲ. ಮತರಿಯಾದಿಂದ ಸರೋವರದ ಮೇಲೆ ಈ ಊರಲ್ಲಿ ಉಳಿದಿದ್ದವರಿಗೆ ಬ್ರೆಡ್ಡು ಹೊತ್ತು ಅವನು ಹೊರಟ ಆ ದೋಣಿ ಮಗುಚಿದ್ದು ಸಿಕ್ಕಿತು, ಅದರಲ್ಲಿದ್ದ ಇಬ್ಬರು ಸಿಕ್ಕರು, ನಮ್ಮವನು ಸಿಗಲಿಲ್ಲ. ಸಿಗದವನನ್ನು ಸತ್ತವನೆನ್ನಬಾರದು ಅಂತ ನೀವು ಅಂದಿನಿಂದ ಹೇಳುತ್ತಾ ಬಂದಿರಿ. ನಮ್ಮ ಮನೆಯಲ್ಲಿ ಯಾರೂ ಆ ಮಾತು ಆಡಿದವರಲ್ಲ. ನನ್ನ ಬಾಯಿಗೂ ಬರಲಿಲ್ಲ. "ಇದ್ದಾನೆ, ಪ್ರಯಾಣದಲ್ಲಿದ್ದಾನೆ" ಅಂದೆ. ಅವನು ಮರಳಿ ಬಂದವರ ಪಟ್ಟಿಗೆ ಬರೆದುಕೊಂಡ.

ಊರು ಸುಂಕವಿಲ್ಲದ್ದಾದಾಗ ಆ ಪಟ್ಟಿಯಲ್ಲಿದ್ದ ಎಲ್ಲರಿಗೂ ಕಾರ್ಡು ಬಂತು. ಅವನದೂ ಬಂತು. ಹಿಂದಿರುಗಿಸಬೇಕಿತ್ತು. ಆದರೆ ಅದಿಲ್ಲದೆ ಅಂಗಡಿಯಿಲ್ಲ ಅಪ್ಪಾ, ಬರೀ ಬಾಡಿಗೆ ಕಟ್ಟಿದ ಖಾಲಿ ಕೋಣೆ. ಸಹಿ ನಾನೇ ಹಾಕುತ್ತೇನೆ. ಸಬ್ರಿ ಬೇಡವೆಂದಿದ್ದರು, ನಾನೇ ಕೇಳಲಿಲ್ಲ.

ಅಮ್ಮನಿಗೆ ಓದಿ ಹೇಳಬೇಡಿ.

ಇನ್ಸಾಫ್


ಮನ್ಸೂರಾ
19 ಡಿಸೆಂಬರ್ 1978

ಇನ್ಸಾಫ್,

ಏನೇನು ತರಿಸಿದ್ದಾನೆ?

ಯಾವ ಊರಿನಿಂದ, ಯಾವ ಹಡಗಿನಲ್ಲಿ? ನೆನಪಿದ್ದಷ್ಟೂ ಬರೆ. ಮೊದಲ ಸರಕಿನಿಂದ ಶುರು ಮಾಡು.

ಬದವಿ


ಪೋರ್ಟ್ ಸೈದ್
2 ಜನವರಿ 1979

ಪ್ರೀತಿಯ ಅಪ್ಪನಿಗೆ,

ನಿಮ್ಮ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಬೈಗುಳ ಎಲ್ಲಾದರೂ ಅಂಟಿಕೊಂಡಿರಬಹುದು ಅಂತ. ಇರಲಿಲ್ಲ. ಕೇಳಿದ್ದನ್ನು ಬರೆಯುತ್ತೇನೆ.

ಮೊದಲ ಸಲ ತೈವಾನಿನ ಮಡಚುವ ಕೊಡೆಗಳು. ಈ ಊರಲ್ಲಿ ಮಳೆ ಎಷ್ಟು ಬರುತ್ತದೆ ಅಂತ ನಿಮಗೇ ಗೊತ್ತು. ಎಲ್ಲರೂ ನಕ್ಕರು. ಆದರೆ ಗುಂಡಿ ಒತ್ತಿದರೆ ತಾನೇ ಬಿಚ್ಚಿಕೊಳ್ಳುತ್ತದೆ ಅಂತ ಕೈರೋದವರು ಆಟಿಕೆಯ ಹಾಗೆ ಕೊಂಡುಕೊಂಡು ಹೋದರು. ಆಮೇಲೆ ಹಾಂಗ್‌ಕಾಂಗಿನಿಂದ ನೈಲಾನಿನ ತಲೆವಸ್ತ್ರ ಮತ್ತು ಮಕ್ಕಳ ರೈನ್‌ಕೋಟು. ಅದು ಬಂದದ್ದು ಗ್ರೀಕ್ ಹಡಗಿನಲ್ಲಿ, ಹೆಸರು ಮರೆತಿದೆ, ಹೊಗೆಕೊಳವೆಗೆ ನೀಲಿ ಪಟ್ಟೆ ಇತ್ತು. ಮೂರನೆಯ ಸಲ ಗಾಜಿನ ಟೀ ಲೋಟ, ಬಣ್ಣದ ಹೂವಿನವು. ಎರಡು ಪೆಟ್ಟಿಗೆ ಪೂರ್ತಿ ಒಡೆದು ಬಂತು. ಹೋದ ತಿಂಗಳು ಹೆಂಗಸರ ಚಪ್ಪಲಿ. ಅದರಲ್ಲಿ ಎಪ್ಪತ್ತು ಜೊತೆ ಎರಡೂ ಎಡಗಾಲಿನವು. ಅವು ಇನ್ನೂ ಅಟ್ಟದ ಮೇಲಿವೆ.

ಸುಂಕದ ಶೆಡ್ಡಿನಲ್ಲಿ ಹೆಸರು ಕೂಗಿ ಸರಕು ಕೊಡುತ್ತಾರೆ. "ಫಿಕ್ರಿ ಬದವಿ" ಅಂತ ಕೂಗಿದಾಗ ನಾನು ಕೈ ಎತ್ತುತ್ತೇನೆ. ಅಲ್ಲಿನ ಹಮಾಲರು ನನ್ನನ್ನೇ ಫಿಕ್ರಿ ಸಾಹೇಬ್ರು ಅಂತ ಛೇಡಿಸುತ್ತಾರೆ. ಮೊದಲೆರಡು ಸಲ ಮನೆಗೆ ಬಂದು ಅತ್ತೆ. ಆಮೇಲೆ ರೂಢಿಯಾಯಿತು.

ಕಾರ್ಖಾನೆಗಳ ವಿಷಯ ಸಬ್ರಿಯನ್ನು ಕೇಳಿದೆ. "ಬೋರ್ಡೇ ಬದಲಾಯ್ಸ್ತಾರೆ, ಯಂತ್ರ ಹೊರೋದು ತ್ರಾಸು" ಅಂದರು.

ನಿಮ್ಮ ಮಗಳು,
ಇನ್ಸಾಫ್


ಮನ್ಸೂರಾ
14 ಜನವರಿ 1979

ಪ್ರೀತಿಯ ಇನ್ಸಾಫಳಿಗೆ,

ಕೊಡೆ ತರಿಸಿದ್ದು ನಿನ್ನ ಯೋಚನೆಯೋ ಯಾರದೋ, ನನಗಂತೂ ಅವನದೇ ಬುದ್ಧಿ ಅನ್ನಿಸಿತು. ಚಿಕ್ಕಂದಿನಲ್ಲಿ ನನ್ನ ದೋಣಿಗೆ ಬಂದಾಗೆಲ್ಲ ಯಾರಿಗೂ ಬೇಡದ್ದನ್ನೇ ಎತ್ತಿಕೊಳ್ಳುತ್ತಿದ್ದ, ಅದನ್ನೇ ಮಾರಿಯೂ ಬರುತ್ತಿದ್ದ. ಗಾಜಿನ ಲೋಟ ಮಾತ್ರ ತಪ್ಪು. ಗಾಜು ತರಿಸುವವನು ಹುಲ್ಲಿನಲ್ಲಿ ಕಟ್ಟುತ್ತಾರೋ ಕಾಗದದಲ್ಲಿ ಕಟ್ಟುತ್ತಾರೋ ಅಂತ ಮೊದಲೇ ಬರೆದು ಕೇಳಬೇಕು. ಎಡಗಾಲಿನ ಚಪ್ಪಲಿ ಬಿಸಾಡಬೇಡ. ಬಲಗಾಲಿನವು ಇನ್ಯಾರಿಗೋ ಬಂದಿರುತ್ತವೆ, ಅವನೂ ಅಟ್ಟ ನೋಡುತ್ತಾ ಕೂತಿರುತ್ತಾನೆ. ಬಂದರಿನಲ್ಲಿ ಹೇಳಿಸಿ ಅವನನ್ನು ಹುಡುಕು.

ಕಾಫಿ ಅಂಗಡಿಯಲ್ಲಿ ಹೇಳಿದೆ. ನಮ್ಮ ಫಿಕ್ರಿಗೆ ಹಾಂಗ್‌ಕಾಂಗಿನಿಂದ ಸರಕು ಬಂತು ಅಂದೆ. ಹಾಗೆ ಅಂದದ್ದು ನಿಜವೇ ತಾನೇ, ಕಾಗದದಲ್ಲಿ ಹಾಗೇ ಇದೆಯಲ್ಲ. ದೊಮಿನೊ ಆಡುತ್ತಿದ್ದವರು ಕೈ ನಿಲ್ಲಿಸಿದರು. ಒಬ್ಬರು ಶುಭವಾಗಲಿ ಅಂದರು. ಮೇಷ್ಟ್ರು ಶುಕ್ರಿ ಮಾತ್ರ ನನ್ನ ಟೀಗೆ ದುಡ್ಡು ಕೊಟ್ಟು ಎದ್ದು ಹೋದರು. ಅವರ ಸ್ವಭಾವ ಇತ್ತೀಚೆಗೆ ಸ್ವಲ್ಪ ವಿಚಿತ್ರವಾಗಿದೆ.

ಮುಂದಿನ ಸಲ ಥರ್ಮಾಸ್ ಫ್ಲಾಸ್ಕು ತರಿಸಲಿ. ಇಲ್ಲಿ ಹೊಲಕ್ಕೆ ಹೋಗುವವರೆಲ್ಲ ಅದನ್ನೇ ಕೇಳುತ್ತಾರೆ. ಹಡಗು ಯಾವುದೆಂದು ಈ ಸಲ ಬರೆದಿಟ್ಟುಕೋ. ಎಲ್ಲಿಂದ ಹೊರಟಿತು, ಯಾವ ಬಂದರಿನಲ್ಲಿ ನಿಂತಿತು, ಎಷ್ಟು ದಿನ ಹಿಡಿಯಿತು, ಎಲ್ಲ. ಶೆಡ್ಡಿನಲ್ಲಿ ಅವನ ಹೆಸರು ಕೂಗುವವನು ಯಾರು? ನಮ್ಮ ಕಡೆಯವನೇ? ಧ್ವನಿ ಹೇಗಿದೆ?

ನಿನ್ನ ಅಮ್ಮನಿಗೆ ಓದಿ ಹೇಳಿದೆ, ನೀನು ಬೇಡವೆಂದಿದ್ದರೂ. ಊಟದ ತಟ್ಟೆ ಬಿಟ್ಟು ಎದ್ದು ಹೋದಳು. ಮಂಡಿನೋವು ಇರಬೇಕು.

ನಿನ್ನ ತಂದೆ,
ಬದವಿ


ಪೋರ್ಟ್ ಸೈದ್
3 ಫೆಬ್ರವರಿ 1979

ಪ್ರೀತಿಯ ಅಪ್ಪನಿಗೆ,

ನಿಮ್ಮ ಪತ್ರ ಓದಿ ನನಗೆ ಭಯವಾಯಿತು. ಮುಚ್ಚಿಡುವುದಿಲ್ಲ. ನೀವು ಇಷ್ಟು ಸಂತೋಷವಾಗಿ ಬರೆದದ್ದು ನನಗೆ ನೆನಪೇ ಇಲ್ಲ. ಅದಕ್ಕೇ ಭಯವಾಯಿತು.

ಈಗ ಹೇಳಬೇಕಾದದ್ದು ಹೇಳಿಬಿಡುತ್ತೇನೆ. ಕಾರ್ಡಿನ ಕಚೇರಿಯಲ್ಲಿ ಹೊಸ ನಿಯಮ ಬಂದಿದೆ. ಊರಲ್ಲಿರುವ ಜನಕ್ಕಿಂತ ಕಾರ್ಡುಗಳೇ ಹೆಚ್ಚಾಗಿವೆ ಅಂತ ಮೇಲಿನವರಿಗೆ ಗೊತ್ತಾಗಿದೆ. ಮಾರ್ಚ್ ಮುಗಿಯುವುದರೊಳಗೆ ಕಾರ್ಡಿನವರು ತಾವೇ ಬಂದು ಮುಖ ತೋರಿಸಬೇಕು. ಊರಲ್ಲಿಲ್ಲದವರಾದರೆ ತಂದೆಯೇ ಬಂದು, ನನ್ನ ಮಗ ಬದುಕಿದ್ದಾನೆ, ಇಂಥ ಕಡೆ ಇದ್ದಾನೆ ಅಂತ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಬೇಕು. ಇಲ್ಲದಿದ್ದರೆ ಹೆಸರು ಹೊಡೆದು ಹಾಕುತ್ತಾರೆ.

ಸಾಕ್ಷಿಗಳು ಸಿಗುತ್ತಾರೆ. ಹಾಜಿ ಮಗಾವರಿ ಹತ್ತು ಜನರನ್ನು ಕೊಡುತ್ತೇನೆ ಅಂದರು. ಅವರ ಮಾತು ಹೀಗಿತ್ತು, "ನಿಮ್ಮಪ್ಪ ಒಂದ್ಸಲ ಹೂಂ ಅಂದ್ರೆ ಸಾಕಮ್ಮ, ಕುವೈತಲ್ಲಿದ್ದಾನೆ ಅಂತ ಬರಕೊಂಡ್ಬಿಡ್ತಾರೆ. ಅರ್ಧ ಊರು ಕುವೈತಲ್ಲೇ ಇದೆ."

ಕಾರ್ಡು ಹೋದರೆ ಬೇಸಿಗೆಯವರೆಗೆ ಇರುವ ಸರಕು ಮಾರಬಹುದು. ಆಮೇಲೆ ಅಂಗಡಿ ಮುಚ್ಚಬೇಕು. ಸಬ್ರಿ ಬೇಲಿಯೊಳಗಿನ ಅಂಗಿ ಕಾರ್ಖಾನೆಯಲ್ಲಿ ಕೆಲಸ ಕೇಳಿಕೊಂಡು ಬಂದಿದ್ದಾರೆ, ನನಗೆ ಹೇಳದೆ.

ನೀವು ಬಂದು ಸಹಿ ಹಾಕಬೇಕು ಅಂತ ನನಗೆ ಆಸೆ ಇದೆ. ಹಾಗೆ ಆಸೆ ಪಡುವುದಕ್ಕೆ ನಾಚಿಕೆಯೂ ಇದೆ. ಎರಡನ್ನೂ ಬರೆದಿದ್ದೇನೆ. ಶೆಡ್ಡಿನಲ್ಲಿ ಹೆಸರು ಕೂಗುವವನು ನಮ್ಮ ಕಡೆಯವನಲ್ಲ, ಸುಯೆಜ್‌ನವನು. ಧ್ವನಿ ದಪ್ಪ.

ಅಮ್ಮ ಏನು ಹೇಳುತ್ತಾಳೆ?

ಇನ್ಸಾಫ್


ಮನ್ಸೂರಾ
7 ಮಾರ್ಚ್ 1979

ಇನ್ಸಾಫ್,

ಒಂದು ತಿಂಗಳು ನನ್ನಿಂದ ಪತ್ರ ಬರಲಿಲ್ಲವೆಂದು ಸಬ್ರಿ ಇಲ್ಲಿಗೆ ಬರಲು ಹೊರಟಿದ್ದನಂತೆ. ಬೇಡ ಅನ್ನು. ನಾನೇ ಬರುತ್ತೇನೆ. ಬುಧವಾರ ಬೆಳಗಿನ ಬಸ್ಸಿಗೆ.

ನೀವೆಲ್ಲ ಊರಿಗೆ ಮರಳಿದಾಗ ನಾನು ಯಾಕೆ ಬರಲಿಲ್ಲ ಅಂತ ನೀನು ಎಷ್ಟೋ ಸಲ ಕೇಳಿದೆ, ನಾನು ಮಂಡಿ ಅಂದೆ. ಮಂಡಿಯಲ್ಲ. ಆ ಬೆಳಿಗ್ಗೆ ಫಿಕ್ರಿ ಹೊರಟಾಗ ನಾವು ಈ ಮನೆಗೆ ಬಂದು ಎಂಟೇ ದಿನವಾಗಿತ್ತು. ಬೀದಿಯ ಹೆಸರು ಅವನ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ನಾನೇ ಒಂದು ಚೀಟಿಯಲ್ಲಿ ವಿಳಾಸ ಬರೆದು ಅವನ ಜೇಬಿಗೆ ಹಾಕಿದೆ. ಅವನ ಹತ್ತಿರ ಇರುವುದು ಈ ಮನೆಯ ವಿಳಾಸ. ನಾನು ಬೇರೆ ಕಡೆ ಹೋದರೆ ಅವನು ಬಂದು ಯಾರನ್ನು ಕೇಳುತ್ತಾನೆ? ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನನಗೇ ಹುಚ್ಚು ಅನ್ನಿಸುತ್ತಿತ್ತೋ ಏನೋ.

ಬದುಕಿದ್ದಾನೆ ಅಂತ ಒಂದು ಸಹಿ ಹಾಕಲು ನನಗೇನು ಕಷ್ಟ? ಒಂಬತ್ತು ವರ್ಷದಿಂದ ಅದನ್ನೇ ತಾನೇ ಹೇಳುತ್ತಿರುವುದು. ನಿನ್ನ ಪತ್ರ ಬಂದ ದಿನವೇ ಹೊರಡುವುದಕ್ಕೆ ಅಂಗಿ ಇಸ್ತ್ರಿ ಮಾಡಿಸಿದೆ. ಕುವೈತಿನಲ್ಲಿ ಯಾವ ಬೀದಿ ಅಂತ ಕೇಳಿದರೆ ಏನು ಹೇಳಲಿ ಅಂತ ಮೇಷ್ಟ್ರ ಮನೆಯ ಭೂಪಟವನ್ನೂ ನೋಡಿ ಬಂದೆ. ಸಹಿ ಹಾಕಿದರೆ ನಿನ್ನ ಅಂಗಡಿ ಉಳಿಯುತ್ತದೆ, ಅವನ ಸರಕೂ ಬರುತ್ತಿರುತ್ತದೆ. ಇದಕ್ಕಿಂತ ಒಳ್ಳೆಯದು ಏನಿದೆ ಅಂತ ನಿನ್ನ ಅಮ್ಮನ ಮುಂದೆ ಹೇಳುತ್ತಿದ್ದೆ. ಅವಳು ಮೊಲೊಖಿಯಾ ಸೊಪ್ಪು ಬಿಡಿಸುತ್ತಿದ್ದಳು.

ಒಂಬತ್ತು ವರ್ಷದಿಂದ ಅವಳು ಕಪ್ಪು ಬಟ್ಟೆ ಬಿಟ್ಟು ಬೇರೆ ಉಟ್ಟಿಲ್ಲ. ಅವಳ ತಂಗಿ ತೀರಿಕೊಂಡಿದ್ದಕ್ಕೆ ಅಂತ ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ನಾನೂ ಅದನ್ನೇ ನಂಬಿದ್ದೆ ಅಂತಿಟ್ಟುಕೋ.

ಅವಳು ಸೊಪ್ಪಿನಿಂದ ತಲೆ ಎತ್ತಲಿಲ್ಲ. ಹೀಗಂದಳು: "ನೀವು ಇಷ್ಟು ವರ್ಷ ಅವನಿಗೆ ಬಾಗಿಲು ತೆರ್ದಿಟ್ಟು ಕೂತ್ರಿ. ನನ್ ಮಗ ಹೋದ ಅಂತ ಯಾರೂ ನನ್ ಮನೆಗ್ ಬರ್ಲಿಲ್ಲ. ಒಬ್ಬಳೂ ನನ್ ಕೈ ಹಿಡ್ಕೊಂಡು ಕೂರ್ಲಿಲ್ಲ. ನಾನ್ ಎಲ್ಲಿ ಅಳ್ಲಿ? ಪಾತ್ರೆ ತೊಳೀವಾಗ ಅತ್ತೆ. ನೀವು ಕೇಳ್ಲೇ ಇಲ್ಲ."

ನಾನು ಊರೂರಿನ ಸುದ್ದಿ ಕೇಳುವವನು ಇನ್ಸಾಫ್, ಹಡಗು ಎಲ್ಲಿಂದ ಬಂತು, ಗಾಜನ್ನು ಯಾವುದರಲ್ಲಿ ಕಟ್ಟಿದರು ಅಂತ. ಮನೆಯಲ್ಲಿದ್ದವಳನ್ನು ಒಂದು ಮಾತು ಕೇಳಿರಲಿಲ್ಲ.

ಅಲ್ಲಿಗೆ ಬಂದು ಏನು ಮಾಡುತ್ತೇನೆ ಅಂತ ಈಗ ಬರೆಯಲಾರೆ. ಆ ಮಾತು ಬಾಯಿಂದ ಹೊರಡುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ.

ಬದವಿ


ಪೋರ್ಟ್ ಸೈದ್
15 ಮಾರ್ಚ್ 1979, ಗುರುವಾರ ಬೆಳಿಗ್ಗೆ

ಸಕೀನಾಗೆ,

ಈ ಪತ್ರವನ್ನು ಮನ್ಸೂರಾ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಮಧ್ಯಾಹ್ನಕ್ಕೆ ತಂದುಕೊಡುತ್ತಾನೆ. ದಲಾಲ್ ಓದಿ ಹೇಳುತ್ತಾಳೆ. ದಲಾಲ್, ನಿಧಾನವಾಗಿ ಓದು, ನಡುವೆ ನಿನ್ನ ಮಾತು ಸೇರಿಸಬೇಡ.

ನಿನ್ನೆ ರಸ್ವಾ ಗೇಟಿನಲ್ಲಿ ಬಸ್ಸು ನಿಂತಾಗ ನಾನು ಒಳಗೆ ಹೋಗುವ ಸಾಲಿನಲ್ಲಿದ್ದೆ. ಎದುರಿಗೆ ಹೊರಗೆ ಬರುವ ಸಾಲು. ನನ್ನ ಕಡೆ ಎಲ್ಲರೂ ತೆಳ್ಳಗೆ, ಆ ಕಡೆ ಎಲ್ಲರೂ ದಪ್ಪಗೆ. ನಿನಗೆ ತೋರಿಸಬೇಕು ಅನ್ನಿಸಿತು. ಊರು ಗುರುತು ಸಿಗುವುದಿಲ್ಲ. ನಮ್ಮ ಬೀದಿಯ ಬೇಕರಿ ಈಗ ಟಿ.ವಿ. ಅಂಗಡಿ. ಬಂದರಿನ ದಂಡೆಯಲ್ಲಿ ನಿಂತು ಹಡಗು ಎಣಿಸುತ್ತಿದ್ದೆ, ಇನ್ಸಾಫ್ ಬಂದು ತೋಳು ಹಿಡಿದು ಕರೆದುಕೊಂಡು ಹೋದಳು.

ಕಚೇರಿಯಲ್ಲಿ ಬಾಗಿಲವರೆಗೆ ಜನ. ಅರ್ಧ ಜನ ಮಗನನ್ನೋ ಅಣ್ಣನನ್ನೋ ಬದುಕಿದ್ದಾನೆ ಅನ್ನಲು ಬಂದವರು. ಹಾಜಿ ಮಗಾವರಿಯ ಇಬ್ಬರು ಸಾಕ್ಷಿಗಳು ನನ್ನ ಪಕ್ಕದಲ್ಲೇ ನಿಂತಿದ್ದರು, ನನಗೆ ಸಿಗರೇಟನ್ನೂ ಕೊಟ್ಟರು. ಮಗಳು ಮುಖ ಬೇರೆ ಕಡೆ ಮಾಡಿ ನಿಂತಿದ್ದಳು. ಗುಮಾಸ್ತ ಪೆನ್ನು ತೆರೆದು, ತಲೆ ಎತ್ತದೆ, "ಎಲ್ಲಿದ್ದಾನೆ?" ಅಂದ. ಕುವೈತಿನ ಬೀದಿಯ ಹೆಸರು ನನ್ನ ಬಾಯಲ್ಲೇ ಇತ್ತು ಸಕೀನಾ. ಅದನ್ನು ನುಂಗಿದೆ.

"ನನ್ ಮಗ ಸರೋವರದಲ್ಲಿ ಹೋದ" ಅಂದೆ. "ಅವತ್ತೇ ಹೋದ. ಒಂಬತ್ತು ವರ್ಷ ಆಯ್ತು."

ಅವನು ಹೆಸರಿನ ಮೇಲೆ ಗೆರೆ ಎಳೆದು ಮುಂದಿನವರನ್ನು ಕರೆಯುತ್ತಾನೆ ಅಂದುಕೊಂಡಿದ್ದೆ. ಅವನು ಪೆನ್ನು ಕೆಳಗಿಟ್ಟು ಎದ್ದು ನಿಂತ. ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡು, "ಉಳಿಯೋನು ಅವನೊಬ್ಬನೇ, ದೇವರು ನಿಮಗೆ ಧೈರ್ಯ ಕೊಡಲಿ" ಅಂದ. ಸತ್ತ ಮನೆಗೆ ಬಂದವರು ಹೇಳುವ ಮಾತು, ನಾವು ಎಷ್ಟೋ ಮನೆಗಳಲ್ಲಿ ಹೇಳಿದ್ದು. ನಮಗೆ ಅದನ್ನು ಹೇಳಿದ ಮೊದಲನೆಯವನು ಆ ಗುಮಾಸ್ತ, ಅವನ ಹೆಸರೂ ನನಗೆ ಗೊತ್ತಿಲ್ಲ. ಅವನಾದ ಮೇಲೆ ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಬಂದು ಕೈ ಹಿಡಿದರು. ಹಾಜಿಯ ಸಾಕ್ಷಿಗಳೂ ಬಂದರು. ನಾನು ನಿಂತುಕೊಂಡೇ ಅತ್ತೆ. ಹೊರಗೆ ಬಂದ ಮೇಲೂ ಅತ್ತೆ, ಇನ್ಸಾಫ್ ನನಗಿಂತ ಜೋರಾಗಿ ಅತ್ತಳು.

ಮರಣಪತ್ರಕ್ಕೆ ಕೋರ್ಟಿಗೆ ಹೋಗಬೇಕಂತೆ, ಅದು ಆಮೇಲೆ. ಕಾರ್ಡು ಹೋಯಿತು. ಅಂಗಡಿ ಬೇಸಿಗೆಯ ತನಕ ನಡೆಯುತ್ತದೆ, ಮುಂದಿನದು ಗೊತ್ತಿಲ್ಲ. ನಾವಿಬ್ಬರೂ ಇಲ್ಲಿ ಒಂದು ವರ್ಷ ನೆಲೆಸಿದರೆ ನಮ್ಮ ಹೆಸರಿನಲ್ಲಿ ಕೇಳಬಹುದು ಅಂದರು. ಸಬ್ರಿ ಕಾರ್ಖಾನೆಗೆ ಭಾನುವಾರದಿಂದ ಹೋಗುತ್ತಾನೆ. ಒಂದು ಮಾತು ದೂರಲಿಲ್ಲ. ನಿನ್ನೆ ಮಧ್ಯಾಹ್ನ ಹೋಗಿ ಬಾಡಿಗೆಗೆ ಕುರ್ಚಿ ತಂದವನೂ ಅವನೇ.

ಅಂಗಡಿಯ ಮುಂದೆ ಬೀದಿಯಲ್ಲೇ ಕುರ್ಚಿ ಹಾಕಿಸಿದ್ದೇವೆ. ಕುರಾನ್ ಓದುವವರನ್ನು ಕರೆಸಿದ್ದೇವೆ, ಸಾವಿನ ಮನೆಯ ಸಕ್ಕರೆಯಿಲ್ಲದ ಕಾಫಿ ಕೊಡುತ್ತಿದ್ದೇವೆ. ನಿನ್ನೆ ಸಂಜೆ ಎಷ್ಟು ಜನ ಬಂದರು ಅಂದರೆ ಕುರ್ಚಿ ಸಾಲಲಿಲ್ಲ. ಅವನ ಜೊತೆ ಓದಿದವರು ಬಂದರು, ಈಗ ಅವರಿಗೆಲ್ಲ ಹೊಟ್ಟೆ ಬಂದಿದೆ. ಇಷ್ಟು ವರ್ಷ ನಿಮ್ಮ ಮನೆಗೆ ಹೇಗೆ ಬರುವುದು ಅಂತ ಗೊತ್ತಾಗಲಿಲ್ಲ ಅಂದರು. ಹೆಂಗಸರು ಮಹಡಿಯ ಮೇಲೆ ಇನ್ಸಾಫಳ ಜೊತೆ ಕೂತಿದ್ದಾರೆ. ನಡುವೆ ನಿನ್ನ ಜಾಗ ಬಿಟ್ಟಿದ್ದಾರೆ. ಅಲ್ಲಿ ಯಾರೂ ಕೂರುತ್ತಿಲ್ಲ.

ಮೂರು ದಿನದ ದುಃಖಕ್ಕೆ ನಾಳೆ ಕೊನೆಯ ದಿನ. ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ಮಾಲೀಕನಿಗೆ ಕೊಡು, ಇನ್ನು ಅದು ನಮಗೆ ಬೇಡ. ದಲಾಲಳನ್ನೂ ಕರೆದುಕೊಂಡು ಬೆಳಗಿನ ಬಸ್ಸಿಗೆ ಹೊರಟು ಬಾ. ಗೇಟಿನಲ್ಲಿ ನಾನು ಕಾದಿರುತ್ತೇನೆ. ಮೆಟ್ಟಿಲು ಹತ್ತಿಸುವುದಕ್ಕೆ ನಾವೆಲ್ಲ ಇದ್ದೇವೆ.

ಬಂದು ಅಳು ಸಕೀನಾ. ಎಲ್ಲರೂ ನಿನಗಾಗಿ ಕಾಯುತ್ತಿದ್ದಾರೆ.

ಫಿಕ್ರಿಯ ತಂದೆ